ಹೊಳೆಗೆ ನೀರು ಹೊತ್ತ ಮುದ್ದಕ್ಕ

ಹೊಳೆಪೂಜೆಯ ದಿನ ಬೆಳಕು ಹರಿಯುವ ಮೊದಲು ಮುದ್ದಕ್ಕ ಮುಗಿಸಬೇಕಿದ್ದ ಕೆಲಸ ಇಷ್ಟು. ಕುರಿಮರಿಗಳನ್ನು ತಾಯಂದಿರಿಗೆ ಬಿಟ್ಟು ಹಾಲು ಕುಡಿಸಿ ಮತ್ತೆ ಗೂಡಿಗೆ ಹಾಕುವುದು. ರೊಪ್ಪದ ಹಿಕ್ಕೆ ಬಾಚಿ ತಿಪ್ಪೆಗೆ ಸುರಿಯುವುದು. ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಎಳೆಯುವುದು. ಹೋಳಿಗೆಯ ಬೇಳೆ ಆರಿಸುವುದು. ನೀರೊಲೆಗೆ ಉರಿ ಹಾಕಿ ಹಂಡೆ ಕಾಯಿಸುವುದು, ಆ ಬಿಸಿನೀರಿನಲ್ಲಿ ಮೀಯಲೆಂದು ಗಂಡ ಓಬಯ್ಯನನ್ನು ಎಬ್ಬಿಸುವುದು, ಇಷ್ಟು ಬೇಗ ಯಾಕೆ ಎಬ್ಬಿಸಿದೆ ಎಂದು ಅವನು ಕೇಳಿದಾಗ ಬಾಯಿ ಮುಚ್ಚಿಕೊಂಡಿರುವುದು. ಆಮೇಲೆ ತಾನು ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಹೊರಡುವುದು. ಕೊನೆಯ ಕೆಲಸ ಹಟ್ಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಬೋರಿನ ನೀರು ಹೊತ್ತುಕೊಂಡು ಹೋಗಿ ಹೊಳೆಗೆ ಸುರಿಯುವುದು.

ಲೋಕದ ಹೆಂಗಸರೆಲ್ಲ ಹೊಳೆಯಿಂದ ಮನೆಗೆ ನೀರು ಹೊತ್ತರೆ ಇವಳು ಮನೆಯಿಂದ ಹೊಳೆಗೆ ಹೊರುತ್ತಿದ್ದಳು. ಕತ್ತಲಲ್ಲಿ ದಂಡೆ ಇಳಿಯುವಾಗ ಅವಳಿಗೇ ನಗು ಬರುತ್ತಿತ್ತು. ನಕ್ಕರೆ ತಲೆಯ ಮೇಲಿನ ಕೊಡ ತುಳುಕುತ್ತದೆಂದು ತಡೆದುಕೊಳ್ಳುತ್ತಿದ್ದಳು. ಮುದ್ದಿ, ಹುಚ್ಚು ಹಿಡಿದೋರಿಗೂ ಒಂದು ದಿಕ್ಕು ದೆಸೆ ಇರ್ತೈತೆ, ನಿನಗೆ ಅದೂ ಇಲ್ಲವಲ್ಲೇ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಆ ಹಟ್ಟಿ ಹಿರಿಯೂರಿನಿಂದ ಕೆಳಕ್ಕೆ, ವೇದಾವತಿಯ ದಂಡೆಯಲ್ಲಿತ್ತು. ಮೇಲೆ ಮಾರಿಕಣಿವೆಯ ಕಟ್ಟೆ ಇರುವುದರಿಂದ ಹೊಳೆಯಲ್ಲಿ ನೀರು ಹರಿಯುವುದನ್ನು ಕಂಡವರೇ ಕಡಿಮೆ. ಅದು ಮರಳಿನ ಹೊಳೆ. ಆದರೆ ಮರಳಿನ ಹೊಟ್ಟೆಯಲ್ಲಿ ನೀರಿತ್ತು. ಒಂದು ಮೊಳ ಬಗೆದರೆ ಗುಂಡಿಯ ಬುಡದಲ್ಲಿ ಜಿನುಗಿ, ಕದಡಿದ್ದು ತಿಳಿಯಾಗಿ, ತೆಂಗಿನ ಚಿಪ್ಪಿನಲ್ಲಿ ಮೊಗೆಯುವಷ್ಟು ನಿಲ್ಲುತ್ತಿತ್ತು. ಆ ಗುಂಡಿಗೆ ವರತೆ ಎನ್ನುತ್ತಿದ್ದರು. ಹಟ್ಟಿಯ ಗಂಡಸರು ಕುರಿ ಹಿಂದೆ ಊರೂರು ಸುತ್ತಿದರೆ, ಹೆಂಗಸರು ವರತೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಚಿಪ್ಪು ಚಿಪ್ಪಾಗಿ ಕೊಡ ತುಂಬಿಸುತ್ತ ಆಯಸ್ಸು ಕಳೆದರು.

ಶಿವರಾತ್ರಿ ಮುಗಿದ ಮೇಲೆ ಹೊಳೆಪೂಜೆಗೆಂದು ಹಟ್ಟಿಯ ದೇವರು ಹೊಳೆಗೆ ಇಳಿಯುತ್ತಿತ್ತು. ಕಳಸಕ್ಕೆ ತುಂಬುವ ನೀರು ಅವತ್ತೇ ತೆಗೆದ ಹೊಸ ವರತೆಯದಾಗಬೇಕು. ತೆಗೆಯುವವಳು ಓಬಯ್ಯನ ಮನೆಯ ಸೊಸೆಯಾಗಬೇಕು. ಉಪವಾಸವಿದ್ದು, ಯಾರೊಡನೆಯೂ ಮಾತಾಡದೆ, ಒಬ್ಬಳೇ ಬಗೆಯಬೇಕು. ನೀರು ಬಂದ ಮೇಲೆ ಜಾಗಟೆ ಬಾರಿಸಬೇಕು. ಜಾಗಟೆ ಕೇಳುವ ತನಕ ಗಂಡಸರು ದಂಡೆ ಇಳಿಯುವಂತಿಲ್ಲ. ಗಂಗೆ ಹುಟ್ಟುವುದನ್ನು ಅವರು ನೋಡಬಾರದಂತೆ. "ಹೆರಿಗೇನೂ ನೋಡಾಕಿಲ್ಲ, ಗಂಗೆ ಹುಟ್ಟದ್ನೂ ನೋಡಾಕಿಲ್ಲ. ಎಲ್ಲಾ ಆದ ಮ್ಯಾಲೆ ಬಂದು ಹೆಸರಿಡ್ತವೆ" ಎಂದು ಮುದ್ದಕ್ಕನ ಅತ್ತೆ ಹುಲಿಗೆಮ್ಮ ಹೇಳುತ್ತಿದ್ದಳು.

ಹುಲಿಗೆಮ್ಮ ತೀರಿಕೊಂಡ ಮೇಲೆ ಆ ಕೆಲಸ ಮುದ್ದಕ್ಕನಿಗೆ ಬಂತು. ಮೊದಲ ವರ್ಷವೇ ಕೈ ಹಾಕಿದ ಕಡೆ ನೀರು ಬಂದಿತು. ದೇವರ ಕಡೆಯಿಂದ ಒಂದು ಸೀರೆ ಉಡಿಸಿದರು. ಮುದ್ದಕ್ಕನ ಕೈಗುಣ ದೊಡ್ಡದು ಎಂದು ಯಾರೋ ಅಂದರು. ಮನೆಯಲ್ಲಿ ಅವಳು ಮಾಡುವ ನೂರೆಂಟು ಕೆಲಸಕ್ಕೆ ಯಾವತ್ತೂ ಯಾರೂ ಹೆಸರಿಟ್ಟವರಲ್ಲ. ಹಾಗಾಗಿ ಈ ಮಾತು ಅವಳ ನೆತ್ತಿಗೇ ಏರಿತು. ಮುಂದಿನ ವರ್ಷದಿಂದ ಅವಳು ವರತೆ ತೆಗೆಯುವ ಜಾಗ ಹುಡುಕಲು ಪೂಜೆಯ ಹಿಂದಿನ ದಿನವೇ ಎಲ್ಲರೆದುರು ಮರಳಿಗೆ ಕಿವಿಯಿಟ್ಟು ಮಲಗತೊಡಗಿದಳು. ಗಂಗಮ್ಮ ಅವಳಿಗೆ ಉಸುರುತ್ತಾಳೆ ಎಂದು ಹಟ್ಟಿ ನಂಬಿತು. ಅವಳ ಎಡಗಿವಿ ಹುಟ್ಟಾ ಮಂದ. ಬಲಗಿವಿಗೆ ಕೇಳುತ್ತಿದ್ದುದು ಹಸಿದ ಹೊಟ್ಟೆಯ ಗುರುಗುರು ಮಾತ್ರ. ಆದರೂ ಎದ್ದು ಮೈಮೇಲಿನ ಮರಳು ಕೊಡವಿ, "ಇಲ್ಲೈತೆ" ಎಂದು ಬೆರಳು ತೋರಿಸುತ್ತಿದ್ದಳು.

ಪಕ್ಕದ ಮನೆಯ ಕಾಳಕ್ಕ ಮಾತ್ರ ಈ ಆಟಕ್ಕೆ ಸೊಪ್ಪು ಹಾಕುತ್ತಿರಲಿಲ್ಲ.

"ನಮ್ಮ ಕೆಂಚ ಮೊನ್ನೆ ಮುಂಗಾಲಲ್ಲಿ ಕೆರೆದು ನೀರು ತೆಗೀತು ಕಣೇ ಮುದ್ದಿ. ನಾಯಿ ಕೈಗುಣಾನೂ ಚೆನ್ನಾಗೈತೆ. ಅದುಕ್ಕೂ ಒಂದು ಸೀರೆ ಉಡಿಸಾಣ."

"ಉಡಿಸು. ನಿನ್ನ ಸೀರೇನೇ ಉಡಿಸು. ಹೆಂಗೂ ನಾಯಿ ಎಳೆದಾಡಿದಂಗೇ ಐತಲ್ಲ" ಎಂದು ಮುದ್ದಕ್ಕ ತಿರುಗಿ ಕೊಟ್ಟಳು. ಕಾಳಕ್ಕ ಹೇಳಿದ್ದು ನಿಜವೆಂದು ಅವಳಿಗೆ ಗೊತ್ತಿತ್ತು. ಮರಳು ಚೆನ್ನಾಗಿದ್ದಾಗ ನಾಯಿ ಕೆರೆದರೂ ನೀರು, ಮುದ್ದಕ್ಕ ಕೆರೆದರೂ ನೀರು. ಮೆಚ್ಚುಗೆ ಸಲ್ಲಬೇಕಿದ್ದದ್ದು ಮರಳಿಗೆ. ಅದಕ್ಕೆ ಸೀರೆ ಉಡಿಸುವವರು ಯಾರು?

ತೊಂಬತ್ತೊಂಬತ್ತರ ಹೊತ್ತಿಗೆ ಹೊಳೆಗೆ ಲಾರಿಗಳು ಇಳಿದವು. ಮೊದಲು ಇಳಿದ ಲಾರಿಯನ್ನು ಕರೆಸಿದವಳು ಮುದ್ದಕ್ಕನೇ ಎಂದರೂ ತಪ್ಪಿಲ್ಲ. ಅವರದು ಮಣ್ಣಿನ ಮಾಳಿಗೆ ಮನೆ. ವರ್ಷ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ನೀರು ಇಂಗದ ಕರಲು ಮಣ್ಣು ಹೊರಬೇಕು, ತುಳಿದು ತಟ್ಟಬೇಕು. ಹೊರುವವಳು ಅವಳು, ತುಳಿಯುವವಳು ಅವಳು, ಮಳೆ ಬಂದು ಸೋರಿದರೆ ಸರಿಯಾಗಿ ತಟ್ಟಿಲ್ಲ ಅನ್ನಿಸಿಕೊಳ್ಳುವವಳೂ ಅವಳೇ. ಸಾಕಾಗಿ, ಕುರಿ ಮಾರಿ ತಾರಸಿ ಹಾಕಿಸು ಎಂದು ಓಬಯ್ಯನ ತಲೆ ತಿಂದಳು. ತಾರಸಿಗೆ ಮರಳು ಬೇಕು. ಹೊಳೆಯಲ್ಲಿ ಬಿದ್ದಿದೆಯಲ್ಲ, ಯಾರಪ್ಪನ ಗಂಟು ಎಂದು ಅವಳೇ ಹೇಳಿದಳು. ತಾರಸಿ ಆಯಿತು. ಅದನ್ನು ನೋಡಿ ಕಾಳಕ್ಕನೂ ಹಾಕಿಸಿದಳು, ಅವಳನ್ನು ನೋಡಿ ಹಟ್ಟಿಯೇ ಹಾಕಿಸಿತು. ಹಟ್ಟಿಗೆ ಬಂದ ಲಾರಿಗೆ ದಾರಿ ಗೊತ್ತಾಯಿತು. ಆಮೇಲೆ ಅದು ಹಟ್ಟಿಗೆ ಬರುವುದನ್ನು ಬಿಟ್ಟು ನೇರ ಹೊಳೆಗೆ ಬಂದು ನೇರ ದೂರದ ಊರುಗಳಿಗೆ ಹೋಗತೊಡಗಿತು. ಮುದ್ದಕ್ಕನ ತಾರಸಿಯೂ ಎರಡನೇ ಮಳೆಗೇ ಸೋರಿತು. ಹೊಳೆಯಲ್ಲಿ ಹರಿಯದ ನೀರು ಗೋಡೆಯ ಮೇಲೆ ಹರಿಯುವುದನ್ನು ನೋಡುತ್ತ, ವೇದಾವತಿ ಈಗ ನಮ್ಮ ಅಡುಗೆಮನೇಲಿ ಹುಟ್ತಾಳೆ ಎಂದು ಅವಳು ಕೆಳಗೆ ಪಾತ್ರೆ ಇಟ್ಟಳು.

ಲಾರಿ ಅಗೆದಲ್ಲೆಲ್ಲ ಆಳುದ್ದ ಗುಂಡಿ. ಮರಳು ಹೋಗಿ ಕೆಳಗಿನ ಜೇಡಿ ಮೇಲೆ ಬಂತು. ಪೇಟೆಯ ಮೋರಿ ನೀರು ಮೊದಲೂ ಹೊಳೆಗೇ ಬೀಳುತ್ತಿತ್ತು. ಆದರೆ ಮರಳು ಅದನ್ನು ಹೀರಿ, ಹಟ್ಟಿ ತಲುಪುವುದರೊಳಗೆ ಸೋಸಿಬಿಡುತ್ತಿತ್ತು. ಈಗ ಸೋಸುವವರು ಯಾರೂ ಇಲ್ಲದೆ ಅದು ಗುಂಡಿಯಿಂದ ಗುಂಡಿಗೆ ನೊರೆಯುಕ್ಕಿಸುತ್ತ ಬಂದು ನಿಂತಿತು. ಕುರಿ ತೊಳೆಯಲು ಹೋದವರು ಕೈ ತುರಿಸಿಕೊಳ್ಳುತ್ತ ಬಂದರು. ಸಂಜೆ ಕೂಗುತ್ತಿದ್ದ ಕಪ್ಪೆಗಳೂ ಎಲ್ಲಿಗೋ ಹೋದವು. ಹಟ್ಟಿಗೆ ಒಂದು ಬೋರು ಕೊರೆಸಿ ನಲ್ಲಿ ಹಾಕಿದರು. ಹೆಂಗಸರು ವರತೆ ಬಿಟ್ಟು ನಲ್ಲಿಯ ಮುಂದೆ ಸಾಲು ನಿಂತರು. ಬೋರಿನ ನೀರು ಸವುಳು, ಗಡಸು. ಬೇಳೆ ಹಾಕಿದರೆ ಕಲ್ಲು ಬೇಯಿಸಿದಂತೆ. ಸಾರು ಕುದಿದ ಮೇಲೂ ಬೇಳೆ ತೊಡೆ ತಟ್ಟಿ ನಿಲ್ಲುತ್ತಿತ್ತು. ಗಂಡಸರು ತಟ್ಟೆ ನೂಕಿ ಹೆಂಡಿರನ್ನು ಬೈದರು. ನೀರನ್ನು ಬೈಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ಸಲದ ಹೊಳೆಪೂಜೆಗೆ ಮುದ್ದಕ್ಕ ಎಂದಿನಂತೆ ಕತ್ತಲಲ್ಲಿ ಇಳಿದು ಬಗೆದಳು. ಮೊಳ ಹೋಯಿತು, ಸೊಂಟದಾಳ ಹೋಯಿತು. ಕಡೆಗೆ ಜಿನುಗಿದ್ದು ಎಣ್ಣೆಯಂಥ ಕಪ್ಪು ನೀರು. ಮೂಗಿನ ಹತ್ತಿರ ಒಯ್ದರೆ ಪೇಟೆ ಬಸ್‌ಸ್ಟ್ಯಾಂಡಿನ ಹಿಂಭಾಗ. ಮೇಲೆ ದೇವರು ಹೊರಟ ಸದ್ದು ಕೇಳುತ್ತಿತ್ತು. ಅವಳಿಗೆ ದಿಗಿಲಾಯಿತು. ಹೊಳೆ ಹಾಳಾಯಿತಲ್ಲ ಎಂದಲ್ಲ, ಕೈಗುಣ ಹೋಯಿತು ಎನ್ನುತ್ತಾರಲ್ಲ ಎಂದು. ಮನೆಗೆ ಓಡಿದಳು. ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ತಂದು ಗುಂಡಿಯ ಬುಡಕ್ಕೆ ಹಾಸಿ, ಮೇಲೆ ಎರಡು ಹಿಡಿ ಮರಳು ಉದುರಿಸಿ, ಎರಡು ಕೊಡ ಬೋರಿನ ನೀರು ಸುರಿದಳು. ಜಾಗಟೆ ಬಾರಿಸಿದಳು.

ಗಂಡಸರು ಬಂದು ಅಂಗೈಯಲ್ಲಿ ಹಿಡಿದು ಕುಡಿದರು. ಹಟ್ಟಿಯ ಯಜಮಾನ ಜಂಪಣ್ಣ ಕಣ್ಣು ಮುಚ್ಚಿ, "ಏನೇ ಹೇಳ್ರಪ್ಪ, ಹೊಳೆ ನೀರಿನ ರುಚಿ ಬೋರಿಗೆ ಬರಾಕಿಲ್ಲ" ಎಂದ. ಮುದ್ದಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಭಕ್ತಿ ಎಂದುಕೊಂಡರು.

ವರತೆಯ ನೀರನ್ನು ಮನೆಮನೆಗೆ ಹಂಚಿ ಹೋಳಿಗೆಯ ಬೇಳೆ ಬೇಯಿಸುವುದು ವಾಡಿಕೆ. ಅವತ್ತು ಯಾರ ಮನೆಯಲ್ಲೂ ಬೇಳೆ ಬೇಯಲಿಲ್ಲ. ಹೂರಣ ಹರಳುಹರಳಾಗಿ ಹೋಳಿಗೆ ಹರಿಯಿತು. ಹೊಳೆ ನೀರಿನಲ್ಲಿ ಬೇಳೆ ಬೇಯದಿರುವುದುಂಟೆ? ಹಾಗಾಗಿ ತಪ್ಪು ಹಿರಿಯೂರು ಸಂತೆಯ ಅಂಗಡಿಯವನ ಮೇಲೆ ಹೋಯಿತು. ಹಳೇ ಬೇಳೆ ಕೊಟ್ಟನೆಂದು ಹೆಂಗಸರೆಲ್ಲ ಸೇರಿ ಅವನಿಗೆ ಶಾಪ ಹಾಕಿದರು. ಮುದ್ದಕ್ಕನೂ ಹಾಕಿದಳು. ಎಲ್ಲರಿಗಿಂತ ಜೋರಾಗಿ ಹಾಕಿದಳು.

ಆಮೇಲಿನ ವರ್ಷಗಳಲ್ಲಿ ಗಾಬರಿ ಹೋಗಿ ಕಸುಬುದಾರಿಕೆ ಬಂತು. ಪ್ಲಾಸ್ಟಿಕ್ ಹಾಳೆಯನ್ನು ತೊಳೆದು ಒಣಗಿಸಿ ಬಣವೆಯಲ್ಲಿ ಸಿಕ್ಕಿಸಿಡುತ್ತಿದ್ದಳು. ಅಂಚು ಕಾಣದಂತೆ ಮರಳು ಮುಚ್ಚುವುದನ್ನು, ಖಾಲಿ ಕೊಡಗಳನ್ನು ಮನೆಯಲ್ಲಿಟ್ಟು ಬಂದೇ ಜಾಗಟೆ ಬಾರಿಸುವುದನ್ನು ಕಲಿತಳು. ಸುಳ್ಳಾದರೂ ಅಚ್ಚುಕಟ್ಟಾಗಿರಬೇಕು ಎಂಬುದು ಮನೆವಾರ್ತೆ ಮಾಡಿದ ಕೈಯ ಅಭ್ಯಾಸ.

ಹೀಗೇ ನಡೆಯುತ್ತಿತ್ತೇನೋ. ಆದರೆ ಎರಡು ಸಾವಿರದ ಮೂರರಲ್ಲಿ ಲಾರಿಯವರು ಹಟ್ಟಿಯ ಮುಂದಿನ ದಿಬ್ಬ ಕೇಳಿದರು. ಆ ಕಡೆಯ ಹೊಳೆಯಲ್ಲಿ ಮರಳು ಉಳಿದಿದ್ದುದು ಆ ದಿಬ್ಬದಲ್ಲಿ ಮಾತ್ರ. ಹಟ್ಟಿಯ ಬೋರು ಇದ್ದದ್ದು ಅದರ ಬುಡದಲ್ಲಿ. ದಿಬ್ಬ ಬಿಟ್ಟುಕೊಟ್ಟರೆ ಗುಡಿಗೆ ಟೈಲ್ಸ್ ಹಾಕಿಸಿ ಕೊಡುತ್ತೇವೆ ಎಂದರಂತೆ. ಗುಡಿಕಟ್ಟೆಯ ಮೇಲೆ ಗಂಡಸರು ಸೇರಿದರು. ಹೆಂಗಸರು ಕೆಳಗೆ ಬೇವಿನ ಬುಡದಲ್ಲಿ ಕೂತರು.

ಎದ್ದು ಮಾತಾಡಿದವಳು ಮುದ್ದಕ್ಕನ ಸೊಸೆ ಕೀರ್ತನಾ. ಹೊಳಲ್ಕೆರೆ ಕಡೆಯ ಹುಡುಗಿ. ಮಗ ಹರೀಶ ಬಬ್ಬೂರು ಫಾರಂಗೆ ಕೂಲಿಗೆ ಹೋದರೆ ಇವಳು ಮನೆಯ ಅಷ್ಟೂ ನೀರು ಹೊರುತ್ತಿದ್ದಳು.

"ದಿಬ್ಬ ಕೊಡಬ್ಯಾಡ್ರಿ" ಎಂದಳು. "ಮರಳು ಹೋದ್ರೆ ಬೋರೂ ಹೋಗ್ತೈತೆ, ಇಲ್ಲಾ ಅದ್ರಾಗೂ ಮೋರಿ ನೀರೇ ಬರ್ತೈತೆ. ಕೆಳಗೆ ಗುಂಡಿ ನೀರು ಕುಡಿದು ಮೊನ್ನೆ ಕುರಿ ಸತ್ವಲ್ಲ, ನೋಡಿಲ್ವೇನ್ರಿ? ಹೊಳೆ ಆಗ್ಲೇ ಕೆಟ್ಟೈತೆ."

ಜಂಪಣ್ಣ ನಕ್ಕ. "ಕುಂತ್ಕಳಮ್ಮ. ಹೊಳೆ ಕೆಟ್ಟಿದ್ರೆ ವರತೇಲಿ ಅಂಥಾ ನೀರು ಬತ್ತದೇನು? ಹೋದ ವರ್ಷಾನೂ ಕುಡಿದೀವಿ. ಕನ್ನಡಿಯಂಗಿತ್ತು. ತೆಗೆದೋಳು ನಿಮ್ಮತ್ತೇನೇ. ಬೇಕಾದ್ರೆ ಕೇಳು. ಏನಕ್ಕ, ಹೌದೋ ಅಲ್ವೋ?"

ಹಟ್ಟಿಯ ಕಣ್ಣುಗಳೆಲ್ಲ ಮುದ್ದಕ್ಕನ ಮೇಲೆ ತಿರುಗಿದವು. ಆಚೆ ದಂಡೆಯ ಕುರುಬನಿಗೆ ಈಚೆ ದಂಡೆಯಿಂದ ಕೇಳುವಂತೆ ಬೈಯಬಲ್ಲ ಬಾಯಿ ಅದು. ಆ ಬಾಯಿಂದ ಆಗ ಬಂದದ್ದು, "ಹೂಂ, ಎಲ್ಲಾ ಗಂಗಮ್ಮನ ದಯೆ" ಎಂಬ ಮಾತು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಮಾತಿನ ಜೊತೆಗೆ ಸೆರಗನ್ನೂ ಸರಿಪಡಿಸಿಕೊಂಡಳು, ಸೀರೆ ಉಡಿಸಲು ಕರೆದಾಗ ಮಾಡುತ್ತಿದ್ದಂತೆ.

"ಮುಗೀತಲ್ಲ" ಎಂದ ಜಂಪಣ್ಣ. "ಹೊಳೆಪೂಜೆ ದಿನ ತಾಲ್ಲೂಕು ಆಫೀಸಿಂದ ಸಾಹೇಬ್ರು ಬತ್ತಾರೆ. ಅವರೂ ನೋಡ್ಲಿ. ವರತೆ ನೀರು ಚೆನ್ನಾಗಿದ್ರೆ ದಿಬ್ಬ ಕೊಡಾಕೆ ಅಡ್ಡಿ ಇಲ್ಲ ಅಂತ ಬರೆದು ಹೋಗ್ತಾರೆ."

ಮನೆಗೆ ಬಂದು ಓಬಯ್ಯ ಹಾಸಿಗೆಯ ಮೇಲೆ ಕಾಲು ಚಾಚಿ, "ಲೇ ಮುದ್ದಿ, ನಿನ್ನ ಕೈಗುಣ ಸರ್ಕಾರದ ಮಟ್ಟಕ್ಕೆ ಹೋತಲ್ಲೇ. ಸಾಹೇಬ್ರು ಜೀಪಲ್ಲಿ ಕೂರಿಸ್ಕಂಡು ಚಿತ್ರದುರ್ಗಕ್ಕೇ ಕರ್ಕಂಡು ಹೋದಾರು. ಅಲ್ಲೂ ನೀರಿಲ್ಲವಂತೆ" ಎಂದ.

"ಹೋಗ್ತೀನಿ. ಆಗ ನಿನ್ನ ಮುದ್ದೆ ನೀನೇ ತಿರುವ್ಕಂಡು ತಿನ್ನು" ಎಂದಳು. ಆದರೆ ಮಾತಿಗೆ ಎಂದಿನ ಖಾರ ಬರಲಿಲ್ಲ.

ಕೀರ್ತನಾ ಎಂದಿನಂತೆ ನೀರು ಹೊತ್ತಳು. ಮರುದಿನವೂ ಹೊತ್ತಳು. ಪೂಜೆಯ ಹಿಂದಿನ ಸಂಜೆ ನಲ್ಲಿಯಿಂದ ಬಂದು ಕೊಡಗಳನ್ನು ಒಂದೊಂದಾಗಿ ಇಳಿಸುತ್ತ, ಗೋಡೆಯ ಕಡೆ ನೋಡಿಕೊಂಡೇ ಕೇಳಿದಳು.

"ಅತ್ತೆ, ಹೊಳೆಪೂಜೆ ದಿನ ಬೆಳಿಗ್ಗೆ ಎದ್ರೆ ನಮ್ಮನೆ ಎರಡು ಕೊಡ ಯಾವಾಗ್ಲೂ ಖಾಲಿ ಇರ್ತವಲ್ಲ, ಯಾಕ್ರಿ?"

ಮುದ್ದಕ್ಕನ ಕೈಯಲ್ಲಿದ್ದ ಮೊರ ನಿಂತಿತು. ಹಟ್ಟಿಯ ಗಂಡಸರ ಕಣ್ಣಿಗೆಲ್ಲ ಮಣ್ಣೆರಚಿದ್ದಳು, ಕಾಳಕ್ಕನ ಕಣ್ಣು ತಪ್ಪಿಸಿದ್ದಳು. ಆದರೆ ಕೊಡ ತುಂಬಿಟ್ಟವಳಿಗೆ ಕೊಡ ಖಾಲಿಯಾದದ್ದು ಗೊತ್ತಾಗುತ್ತದೆ ಎಂಬುದು ಹೊಳೆಯಲೇ ಇಲ್ಲವಲ್ಲ. ತಾನು ಸೊಸೆಯಾಗಿದ್ದಾಗ ಈ ಮನೆಯಲ್ಲಿ ಒಂದು ಚೊಂಬು ನೀರು ಯಾರು ಹೆಚ್ಚು ಬಳಸಿದರೆಂದು ಅವಳಿಗೂ ಗೊತ್ತಾಗುತ್ತಿತ್ತು. ಅತ್ತೆಯಾದ ಕೂಡಲೇ ಮರೆತಿದ್ದಳು.

"ಬೆಕ್ಕು ಉರುಳಿಸಿರಬೇಕು" ಎಂದಳು.

"ಬೆಕ್ಕು ಉರುಳಿಸಿದ್ರೆ ನೆಲ ಒದ್ದೆ ಇರ್ತಿತ್ತು." ಕೀರ್ತನಾ ತಲೆಯ ಮೇಲಿನ ಸಿಂಬೆ ಬಿಚ್ಚಿ ಒದರಿದಳು. "ಈ ಸಲ ಎರಡು ಕೊಡ ಹೆಚ್ಚಿಗೇನೇ ತಂದಿಟ್ಟೀನಿ. ಒಯ್ಯೋದಾದ್ರೆ ಒಯ್ರಿ. ನಾನೇನೂ ಹೇಳಾಕಿಲ್ಲ, ಯಾರತ್ರಾನೂ ಹೇಳಿಲ್ಲ. ಬೋರು ಒಣಗಿದ ಮ್ಯಾಲೆ ಎಲ್ಲಿಂದ ತರಬೇಕು ಅಂತ ಮಾತ್ರ ಹೇಳ್ರಿ. ತರೋಳು ನಾನಲ್ವಾ."

ಅಷ್ಟು ಹೇಳಿ ಒಲೆಯ ಮುಂದೆ ಕೂತಳು.

ಬೆಳಗಿನ ಕತ್ತಲಲ್ಲಿ ಮುದ್ದಕ್ಕ ಎಲ್ಲ ಕೆಲಸ ಮುಗಿಸಿ ಹೊರಟಳು. ಕೊಡ ಎರಡೂ ಹೊತ್ತಿದ್ದಳು. ಸೊಸೆಯ ಮಾತು ನಾಟಿರಲಿಲ್ಲ ಎಂದಲ್ಲ. ಕೊಡ ಬಿಟ್ಟು ಹೊರಡುವ ಧೈರ್ಯ ಬರಲಿಲ್ಲ, ಅಷ್ಟೇ. ಕಂಕುಳಲ್ಲಿ ಪ್ಲಾಸ್ಟಿಕ್ ಹಾಳೆ ಸರಸರ ಎನ್ನುತ್ತಿತ್ತು. ಜಾಗಟೆ ಸೊಂಟಕ್ಕೆ ಸಿಕ್ಕಿಸಿದ್ದಳು.

ಗುಂಡಿ ಬಗೆದಳು. ಈ ಸಲ ಹೆಚ್ಚು ಬಗೆಯಬೇಕಾಗಲಿಲ್ಲ. ಕಪ್ಪು ನೀರು ಮೊಳದೊಳಗೇ ಎದ್ದು ಬಂತು, ಕರೆದವರಿಗಾಗಿ ಕಾಯುತ್ತಿದ್ದಂತೆ. ಮುದ್ದಕ್ಕನ ಕೈಗುಣ ನೋಡ್ರಿ ಎಂದುಕೊಂಡು ಅವಳು ಆ ನೀರಿನಿಂದ ಕೈ ಎತ್ತಿ ಮೂಸಿದಳು. ಇನ್ನು ಅರ್ಧ ದಿನ ಈ ಕೈಯಲ್ಲಿ ಹೋಳಿಗೆ ತಟ್ಟಬೇಕು.

ಹಾಳೆ ಹಾಸಿದಳು. ಅಂಚಿಗೆ ಮರಳು ಉದುರಿಸಿದಳು. ಮೊದಲ ಕೊಡವನ್ನು ಎತ್ತಿ ವಾಲಿಸಿದಳು. ನೀರು ಕೊಡದ ಬಾಯಿಗೆ ಬಂದು ಗುಳಕ್ಕೆಂದಿತು.

ಅಲ್ಲಿಗೆ ಅವಳ ಕೈ ನಿಂತಿತು. ಬಂದ ಯೋಚನೆ ದೊಡ್ಡದೇನೂ ಅಲ್ಲ. ಹೊಳೆಯ ಬಗ್ಗೆಯೂ ಅಲ್ಲ, ದೇವರ ಬಗ್ಗೆಯೂ ಅಲ್ಲ. ಈ ನೀರು ನೋಡಿ ಸಾಹೇಬರು ಬರೆದು ಹೋಗುತ್ತಾರೆ, ದಿಬ್ಬ ಹೋಗುತ್ತದೆ, ಬೋರು ಒಣಗುತ್ತದೆ. ಮುಂದಿನ ಹೊಳೆಪೂಜೆಗೆ ಇಲ್ಲಿ ಸುರಿಯಲು ಎರಡು ಕೊಡ ಎಲ್ಲಿಂದ ತರುವುದು? ಸುಳ್ಳು ಹೇಳಲಿಕ್ಕೂ ನೀರು ಬೇಕಲ್ಲ. ತನ್ನ ಬುದ್ಧಿವಂತಿಕೆ ತನ್ನ ಬುಡಕ್ಕೇ ಗುದ್ದಲಿ ಹಾಕಿಕೊಂಡದ್ದು ಅವಳಿಗೆ ಆಗ ಕಂಡಿತು. ನಗು ಬಂತು. ಮಾತಾಡಬಾರದೆಂಬ ಕಟ್ಟಳೆಯಿತ್ತು. ನಗಬಾರದೆಂದು ಯಾರೂ ಹೇಳಿರಲಿಲ್ಲ. ಒಬ್ಬಳೇ ಕೂತು, ಒದ್ದೆ ಸೀರೆಯಲ್ಲಿ ನಡುಗುತ್ತ ನಕ್ಕಳು.

ದಂಡೆಯ ಮೇಲೆ ಜೀಪು ಬಂದು ನಿಂತ ಸದ್ದು ಕೇಳಿತು. ದೇವರೂ ಹೊರಟಿತ್ತು. ಮೂಡಲಲ್ಲಿ ಬೂದುಬಣ್ಣ ಹರಿದಿತ್ತು.

ನಗು ನಿಂತ ಮೇಲೆ ಮುದ್ದಕ್ಕ ಕೊಡವನ್ನು ನೇರ ಮಾಡಿ ನೆಲಕ್ಕಿಟ್ಟಳು. ಗುಂಡಿಯಿಂದ ಹಾಳೆಯನ್ನು ಎಳೆದು ತೆಗೆದಳು. ಕೆಳಗಿನ ಕಪ್ಪು ನೀರು ಹಾಳೆಯ ಹಿಂದೆಯೇ ಎದ್ದು ಗುಂಡಿ ತುಂಬಿ, ನೊರೆ ತಿರುಗಿಸುತ್ತ ನಿಂತಿತು. ಹಾಳೆ ಮತ್ತು ಕೊಡಗಳನ್ನು ದಂಡೆಯ ಜಾಲಿ ಮೆಳೆಯ ಹಿಂದೆ ಬಚ್ಚಿಡಬಹುದಿತ್ತು. ಹೊಳೆ ಹೀಗಾಗಿದೆ, ನಾನೇನು ಮಾಡಲಿ ಎಂದು ಹಣೆ ಚಚ್ಚಿಕೊಂಡಿದ್ದರೆ ಕೈಗುಣ ಹೋದರೂ ಮಾನ ಉಳಿಯುತ್ತಿತ್ತು. ಮೆಳೆಯ ಕಡೆ ಎರಡು ಹೆಜ್ಜೆ ಇಟ್ಟಳು ಕೂಡ.

ಆಮೇಲೆ ಹಿಂದಕ್ಕೆ ಬಂದಳು. ತುಂಬಿದ ಕೊಡ ಎರಡನ್ನೂ ಗುಂಡಿಯ ಪಕ್ಕದಲ್ಲೇ, ಬರುವವರಿಗೆ ಮೊದಲು ಕಾಣುವಂತೆ ಇಟ್ಟಳು. ಪ್ಲಾಸ್ಟಿಕ್ ಹಾಳೆಯನ್ನು ಝಾಡಿಸಿ, ಒಗೆದ ಬಟ್ಟೆಯಂತೆ ನಾಲ್ಕು ಮಡಿಕೆ ಮಡಿಸಿ, ಕೊಡದ ಬಾಯಿಯ ಮೇಲೆ ಮುಚ್ಚಿದಳು. ಧೂಳು ಬೀಳಬಾರದಲ್ಲ, ಹೊತ್ತು ತಂದವಳ ಶ್ರಮ. ಏನೇ ಆಗಲಿ ಈ ಎರಡು ಕೊಡ ಮನೆಗೆ ವಾಪಸ್ ಹೋಗಬೇಕು.

ಸೊಂಟದಿಂದ ಜಾಗಟೆ ತೆಗೆದು, ಕಪ್ಪು ಕೈಯಲ್ಲೇ ಬಾರಿಸಿದಳು.